ಚಾವಣಿಗೊಂದು ಕಿವಿ

"ಇದನ್ನ ಎಲ್ಲಿಂದ ಕಿತ್ಕೊಂಡು ಬಂದ್ಯೋ?"

ಕೇಳಿದವರು ಮಂಡ್ಯದ ಬಸ್ ಡಿಪೋದಲ್ಲಿ 31 ವರ್ಷ ಆಟೊ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಚಿಕ್ಕಪ್ಪ. ಅಣ್ಣನ ಮಗನ ಮನೆಗೆಂದು ಮೂರು ತಿಂಗಳ ಮಟ್ಟಿಗೆ ಅಮೆರಿಕದ ಮಿಶಿಗನ್ ರಾಜ್ಯದ ವಾರನ್‌ಗೆ ಬಂದಿದ್ದರು. ಆಗಸ್ಟ್ ತಿಂಗಳ ಶನಿವಾರದ ಬೆಳಿಗ್ಗೆ. ಗ್ಯಾರೇಜಿನ ಮೇಜಿನ ಮೇಲೆ ಬೂದು ಬಣ್ಣದ ಉದ್ದನೆಯ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಅಂಗಾತ ಬಿದ್ದಿತ್ತು. ಅದರ ಹಿಂಬದಿಯಿಂದ ಒಂದು ಗೇಣಿಗೂ ಹೆಚ್ಚು ಉದ್ದದ ತಂತಿಗಳ ಜುಟ್ಟು ಇಳಿಬಿದ್ದಿತ್ತು.

"ಗುಜರಿಯಿಂದ, ಚಿಕ್ಕಪ್ಪ. ಇಲ್ಲಿ ನಾವೇ ಟೂಲ್ಸ್ ತಗೊಂಡು ಒಳಗೆ ಹೋಗಬಹುದು, ನಾವೇ ಬಿಚ್ಕೊಳ್ಳಬಹುದು. ನನ್ನ ಟ್ರಕ್ ತರಾನೇ ಇನ್ನೊಂದು ಸಿಕ್ತು. ಅದು ಮೇಲ್ದರ್ಜೆ ಮಾಡೆಲ್. ನನ್ನದರಲ್ಲಿ ಇದು ಇಲ್ಲ."

"ಇದೇನು ಮಾಡತ್ತೆ?"

"ಯಾವ ದಿಕ್ಕಿಗೆ ಹೋಗ್ತಿದೀವಿ, ಹೊರಗೆ ಎಷ್ಟು ಬಿಸಿಲು, ಗ್ಯಾಲನ್ನಿಗೆ ಎಷ್ಟು ಮೈಲಿ ಬರ್ತಿದೆ, ಟ್ಯಾಂಕಲ್ಲಿರೋ ಪೆಟ್ರೋಲಿಗೆ ಇನ್ನೆಷ್ಟು ದೂರ ಹೋಗಬಹುದು, ಎಲ್ಲಾ ತೋರಿಸತ್ತೆ. ಟ್ರಿಪ್ ಕಂಪ್ಯೂಟರ್ ಅಂತಾರೆ."

ಚಿಕ್ಕಪ್ಪನ ಮುಖ ಅರಳಿತು. "ಕೆಎಂಪಿಎಲ್ ತೋರಿಸತ್ತೆ ಅನ್ನು!"

ಕರ್ನಾಟಕದ ಬಸ್ ಡಿಪೋಗಳಲ್ಲಿ ಈ ನಾಲ್ಕಕ್ಷರ ಗೊತ್ತಿಲ್ಲದ ನೌಕರನಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಅದು. ಚಾಲಕನ ಕೈಯ ಹದವನ್ನೂ ಬಸ್ಸಿನ ಆರೋಗ್ಯವನ್ನೂ ಅದರಿಂದಲೇ ಅಳೆಯುತ್ತಾರೆ. ಡೀಸೆಲ್ ತುಂಬಿದ್ದು, ಓಡಿದ್ದು ಎರಡನ್ನೂ ಬರೆದು ಭಾಗಿಸಿದರೆ ಮುಗಿಯಿತು. ಆ ಭಾಗಾಕಾರವನ್ನು ವಾಹನವೇ ಮಾಡಿ, ಓಡುತ್ತಿರುವಾಗಲೇ ಕಣ್ಣೆದುರು ತೋರಿಸುವುದೆಂದರೆ ಅವರ ಕಣ್ಣಿನಲ್ಲಿ ಸಣ್ಣ ಸಂಗತಿಯಲ್ಲ.

ಅಮೆರಿಕದ ಕಾರುಗಳಲ್ಲೂ ಅದು ಸುಮ್ಮನೆ ಬಂದದ್ದಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿ ನಿಂತ ಮೇಲೆ ಅಲ್ಲಿನವರಿಗೆ ಗ್ಯಾಲನ್ನಿನ ಬೆಲೆ ತಿಳಿಯಿತು. 1975ರಲ್ಲಿ ವಾಹನಗಳ ಇಂಧನ ಮಿತವ್ಯಯಕ್ಕೆ ಕಾನೂನೇ ಬಂತು. 1978ರಲ್ಲಿ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಮೈಕ್ರೊಪ್ರೊಸೆಸರ್ ಇರುವ ಟ್ರಿಪ್ ಕಂಪ್ಯೂಟರ್ ಬಂದಾಗ ಅದಕ್ಕೆ ಸುಮಾರು 900 ಡಾಲರ್ ಹೆಚ್ಚುವರಿ ತೆರಬೇಕಿತ್ತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಹೊಲಕ್ಕೂ ಮರಳು ಸಾಗಿಸಲಿಕ್ಕೂ ಹೋಗುವ ಪಿಕಪ್ ಟ್ರಕ್ಕಿನ ಚಾವಣಿಗೆ ಬಂದು ಕೂತಿತು, ದುಬಾರಿ ಮಾದರಿಗಳಲ್ಲಿ ಮಾತ್ರ.

ಅಣ್ಣನ ಮಗನ ಟ್ರಕ್ 1999ರ ಡಾಜ್ ರ್ಯಾಮ್ 1500. 5.2 ಲೀಟರಿನ ಎಂಟು ಸಿಲಿಂಡರ್ ಪೆಟ್ರೋಲ್ ಎಂಜಿನ್. ವಾಹನ ಗುರುತಿನ ಸಂಖ್ಯೆಯ ಹತ್ತನೆಯ ಅಕ್ಷರ 'ಎಕ್ಸ್', ಅಂದರೆ 1999ರ ಮಾದರಿ. ಹನ್ನೊಂದನೆಯದು 'ಎಸ್', ಅಂದರೆ ಇದೇ ವಾರನ್‌ನ ಕಾರ್ಖಾನೆಯಲ್ಲಿ ಜೋಡಿಸಿದ್ದು. ಹುಟ್ಟಿದೂರಿನಲ್ಲೇ ಇರುವ ಗಾಡಿ ಎಂಬ ಅಭಿಮಾನ ಮಗನಿಗಿದೆ. ಆದರೆ ಅದು ಕೆಲಸಕ್ಕೆಂದೇ ಮಾಡಿದ ಅಗ್ಗದ ಮಾದರಿ. ಚಾವಣಿಯಲ್ಲಿ ಒಂದು ದೀಪ ಬಿಟ್ಟರೆ ಏನೂ ಇಲ್ಲ.

"ಫೋನಲ್ಲೇ ಇದೆಲ್ಲಾ ಬರತ್ತಂತಲ್ಲೋ ಈಗ?"

"ಬರತ್ತೆ ಚಿಕ್ಕಪ್ಪ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಸಣ್ಣ ಬ್ಲೂಟೂತ್ ಡಬ್ಬಿ ಚುಚ್ಚಿದ್ರೆ ಫೋನಲ್ಲಿ ಲೆಕ್ಕ ಕಾಣತ್ತೆ. ಆರು ತಿಂಗಳು ಹಾಗೇ ಓಡಿಸಿದೆ. ಪ್ರತಿ ಸಲ ಫೋನ್ ಸಿಗಿಸಬೇಕು, ಆಪ್ ತೆಗೀಬೇಕು, ಬಿಸಿಲಿಗೆ ಫೋನ್ ಕಾದು ಆಫ್ ಆಗತ್ತೆ. ಇದಾದ್ರೆ ಕೀ ತಿರುಗಿಸಿದ ತಕ್ಷಣ ಕನ್ನಡಿ ಪಕ್ಕದಲ್ಲೇ ಉರೀತಿರತ್ತೆ. ರಸ್ತೆಯಿಂದ ಕಣ್ಣು ಕೆಳಗಿಳಿಸಬೇಕಾಗಿಲ್ಲ. ಅಲ್ಲದೆ ಈ ಟ್ರಕ್ಕಿಗೆ ಅಂತಲೇ ಮಾಡಿರೋದು. ಅದರ ಜಾಗ ಖಾಲಿ ಇದೆ, ತುಂಬಬೇಕು ಅಷ್ಟೆ."

ಕೊನೆಯ ಮಾತು ಚಿಕ್ಕಪ್ಪನಿಗೆ ಒಪ್ಪಿಗೆಯಾಯಿತು. ಹಳೆಯ ಗಾಡಿಗೆ ಸಿಕ್ಕಿದ್ದನ್ನೆಲ್ಲ ಅಂಟಿಸುವುದು ಬೇರೆ, ಅದರ ವಂಶದಲ್ಲೇ ಇದ್ದ ಅಂಗವನ್ನು ಅದಕ್ಕೆ ಕೂಡಿಸುವುದು ಬೇರೆ. ಹೀಗೆ ಕೂಡಿಸಿದ ಅಂಗಕ್ಕೆ ಅಳತೆ, ಬಣ್ಣ, ತಂತಿ, ಬಿಡಿಭಾಗ ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತವೆ. ಮುಂದೆ ಕೆಟ್ಟರೆ ರಿಪೇರಿ ಮಾಡುವವನಿಗೂ ದಾರಿ ಗೊತ್ತಿರುತ್ತದೆ.

"ಸರಿ, ಪೆಟ್ರೋಲ್ ಎಷ್ಟು ಕುಡೀತು ಅಂತ ಇದಕ್ಕೆ ಹೇಗೆ ಗೊತ್ತಾಗತ್ತೆ? ಪೈಪಿಗೆ ಮೀಟರ್ ಹಾಕಬೇಕಾ?"

"ಬೇಡ. ಅದೇ ಇದರ ಚೆಂದ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಅಂತ ಎಂಜಿನ್ ಕಂಪ್ಯೂಟರಿಗೆ ಗೊತ್ತಿರತ್ತೆ, ಯಾಕಂದ್ರೆ ತೆರೆಸೋದೇ ಅದು. ಪೆಟ್ರೋಲಿನ ಒತ್ತಡ ಒಂದೇ ಮಟ್ಟದಲ್ಲಿರತ್ತೆ. ಹಾಗಾಗಿ ತೆರೆದಿದ್ದ ಹೊತ್ತು ಗೊತ್ತಿದ್ರೆ ಹರಿದದ್ದು ಗೊತ್ತಾದ ಹಾಗೇ. ಆ ಸುದ್ದಿನ ಅದು ಎರಡು ತಂತಿ ಮೇಲೆ ಸಾರ್ತಾ ಇರತ್ತೆ. ವೇಗ, ಟ್ಯಾಂಕಿನ ಮಟ್ಟ ಎಲ್ಲಾ ಅದೇ ತಂತಿ ಮೇಲೆ ಹೋಗತ್ತೆ. ಈ ಪೆಟ್ಟಿಗೆ ಸುಮ್ಮನೆ ಕಿವಿ ಕೊಟ್ಟು ಕೂತಿರತ್ತೆ."

"ನಿನ್ನ ಗಾಡಿಲಿ ಈ ಪೆಟ್ಟಿಗೆನೇ ಇಲ್ಲವಲ್ಲೋ. ಯಾರಿಗೆ ಅಂತ ಸಾರತ್ತೆ?"

"ಯಾರಿಗೂ ಅಂತಲ್ಲ. ಊರಲ್ಲಿ ತಮಟೆ ಹೊಡೆದು ಸಾರೋರು ಇರ್ತಿದ್ರಲ್ಲ, ಹಾಗೆ. ಕೇಳೋರು ಇರಲಿ ಬಿಡಲಿ, ಸಾರೋದು ಸಾರ್ತಾನೇ ಇರತ್ತೆ. 25 ವರ್ಷದಿಂದ ನನ್ನ ಟ್ರಕ್ಕು ತನ್ನ ಲೆಕ್ಕ ಹೇಳ್ತಾನೇ ಇದೆ, ಕೇಳೋಕೆ ಕಿವಿ ಇರಲಿಲ್ಲ."

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಿಗೆ ತಮ್ಮ ಡಿಪೋದ ಹಳೆಯ ಬಸ್ಸುಗಳು ನೆನಪಾದವು. "ನಮ್ಮ ಬಸ್ಸಲ್ಲಿ ಮಿಕೋ ಪಂಪ್ ಇತ್ತಲ್ಲ. ಅದಕ್ಕೆ ಬಾಯೇ ಇರಲಿಲ್ಲ. ರ್ಯಾಕ್ ಆ ಕಡೆ ಈ ಕಡೆ ಸರಿದಷ್ಟು ಡೀಸೆಲ್ ಹೋಗೋದು. ಎಷ್ಟು ಹೋಯ್ತು ಅಂತ ಹೇಳೋರು ಯಾರು?"

ಇದು ಸರಿಯಾದ ಜಾಗಕ್ಕೆ ಬಿದ್ದ ಮಾತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮಿಕೋ, ಜರ್ಮನಿಯ ಬಾಶ್ ಕಂಪನಿಯ ಭಾರತದ ಶಾಖೆ. 1951ರಲ್ಲಿ ಶುರುವಾಗಿ 2008ರಲ್ಲಿ ಹೆಸರನ್ನೂ ಬಾಶ್ ಎಂದೇ ಬದಲಿಸಿಕೊಂಡಿತು. ಅದೇ ಬಾಶ್ ಬಳಗದ ಯಾಂತ್ರಿಕ ಸಾಲುಪಂಪು ಡಾಜ್ ರ್ಯಾಮ್‌ನ ಡೀಸೆಲ್ ಮಾದರಿಗಳಲ್ಲೂ ಇತ್ತು. 5.9 ಲೀಟರಿನ, 12 ವಾಲ್ವಿನ ಕಮ್ಮಿನ್ಸ್ ಎಂಜಿನ್‌ಗೆ 1998ರ ಮಧ್ಯದವರೆಗೂ ಅಂಥ ಪಂಪೇ. ಅದರಲ್ಲಿ ಇಂಧನದ ಅಳತೆಯೆಲ್ಲ ಕಬ್ಬಿಣದ ಕೆಲಸ. ಪ್ರತಿ ಸಲ ಎಷ್ಟು ಹೋಯಿತು ಎಂಬುದು ಯಾವ ತಂತಿಗೂ ಏರುವುದಿಲ್ಲ. ಅಂಥ ಗಾಡಿಯ ಚಾವಣಿಗೆ ಎಷ್ಟೇ ಒಳ್ಳೆಯ ಪೆಟ್ಟಿಗೆ ತಂದು ಕೂರಿಸಿದರೂ ಇಂಧನದ ಸುದ್ದಿಯನ್ನು ಅದು ಎಲ್ಲಿಂದ ತರಬೇಕು? ಹಳೆಯ ಗಾಡಿಗೆ ಇದನ್ನು ಕೂರಿಸಲು ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನನ್ನ ಗಾಡಿ ಮಾತಾಡುತ್ತದೆಯೇ, ಆಡಿದರೆ ಯಾವ ಭಾಷೆಯಲ್ಲಿ?

ಭಾಷೆಯ ಮಾತು ಬರಿಯ ಉಪಮೆಯಲ್ಲ. 1999ರ ರ್ಯಾಮ್ ಆಡುವುದು ಸಿಸಿಡಿ ಎಂಬ ಭಾಷೆ. ಡಾಜ್ ಗಾಡಿಗಳನ್ನು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ 1980ರ ದಶಕದಲ್ಲಿ ರೂಪಿಸಿದ್ದು. ಪೂರ್ತಿ ಹೆಸರು ಕ್ರೈಸ್ಲರ್ ಕೊಲಿಶನ್ ಡಿಟೆಕ್ಷನ್, ಅಂದರೆ ಡಿಕ್ಕಿಯ ಪತ್ತೆ. ಹೆಸರು ಕೇಳಿದೊಡನೆ ಚಿಕ್ಕಪ್ಪ, "ಆಕ್ಸಿಡೆಂಟ್ ಆದ್ರೆ ತಿಳಿಸೋದಾ?" ಅಂದರು. ಡಿಕ್ಕಿ ಗಾಡಿಗಳದ್ದಲ್ಲ, ಮಾತುಗಳದ್ದು. ಎರಡು ಘಟಕಗಳು ಒಟ್ಟಿಗೆ ಬಾಯಿ ತೆರೆದರೆ ಅದನ್ನು ಗುರುತಿಸಿ, ಮುಖ್ಯ ಸುದ್ದಿ ಇರುವುದಕ್ಕೆ ಮೊದಲು ಬಿಟ್ಟುಕೊಟ್ಟು, ಇನ್ನೊಂದು ಕಾಯುವ ಶಿಸ್ತು ಅದು. ವೇಗ ಸೆಕೆಂಡಿಗೆ 7812.5 ಬಿಟ್. ಅಕ್ಷರದ ಲೆಕ್ಕದಲ್ಲಿ ಸೆಕೆಂಡಿಗೆ ಎಂಟುನೂರೂ ಇಲ್ಲ. ಈಗಿನ ಕಾಲಕ್ಕೆ ತೀರ ನಿಧಾನ, ಆದರೆ ದಿಕ್ಕು, ದೂರ, ಇಂಧನದ ಸುದ್ದಿಗೆ ಧಾರಾಳವಾಗಿ ಸಾಕು. 2002ರಲ್ಲಿ ಹೊಸ ವಿನ್ಯಾಸದ ರ್ಯಾಮ್ 1500 ಬಂದಾಗ ಕಂಪನಿ ಒಂದೇ ತಂತಿಯ, ಬೇರೆ ವೇಗದ ಭಾಷೆಗೆ ಹೋಯಿತು. ಆದ್ದರಿಂದ ಗುಜರಿಯಲ್ಲಿ 2002ರ ಪೆಟ್ಟಿಗೆ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ 1999ರ ಟ್ರಕ್ಕಿನಲ್ಲಿ ಅದು ಕಿವುಡು.

"ಗುಜರಿಯಲ್ಲಿ ಏನೇನು ತಂದೆ? ಪೆಟ್ಟಿಗೆ ಒಂದೇನಾ?"

"ಇಲ್ಲ ಚಿಕ್ಕಪ್ಪ. ಚಾವಣಿ ತಗಡಿಗೆ ಇದನ್ನ ಹಿಡಿಯೋ ಬ್ರಾಕೆಟ್, ಅದರ ಸ್ಕ್ರೂಗಳು, ಮುಂದೆ ಗ್ರಿಲ್ ಹಿಂದಿದ್ದ ಉಷ್ಣಾಂಶದ ಸೆನ್ಸರ್, ಅದರ ಕನೆಕ್ಟರ್. ತಂತಿನೂ ಎಷ್ಟು ಉದ್ದ ಬರತ್ತೋ ಅಷ್ಟು ಬಿಟ್ಟು ಕತ್ತರಿಸಿದೆ."

"ಬುದ್ಧಿವಂತ. ಶಿವಾಜಿನಗರದ ಗುಜರಿಯಲ್ಲಿ ಎರಡಿಂಚು ತಂತಿ ಬಿಟ್ಟು ಕತ್ತರಿಸಿ ಕೊಡೋರು. ಬಣ್ಣನೂ ಸಿಗ್ತಿರಲಿಲ್ಲ, ಉದ್ದನೂ ಸಿಗ್ತಿರಲಿಲ್ಲ."

ಕೂರಿಸುವ ಮೊದಲು ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕೆಂದು ಹಟ ಹಿಡಿದವರು ಚಿಕ್ಕಪ್ಪ. ಮಗನಿಗೂ ಆ ಯೋಚನೆ ಇತ್ತು. ಈ ವಯಸ್ಸಿನ ಪೆಟ್ಟಿಗೆಗಳಲ್ಲಿ ಅಕ್ಷರಗಳು ಮಿಣುಕುವುದು, ಕೈಯಿಂದ ತಟ್ಟಿದರೆ ಮತ್ತೆ ಹೊತ್ತಿಕೊಳ್ಳುವುದು ಸಾಮಾನ್ಯ. ಒಳಗಿನ ಬೋರ್ಡಿನಲ್ಲಿ ಬಿಸಿಯಾಗುವ ಕೆಲವು ರೆಸಿಸ್ಟರುಗಳಿವೆ. ಬೇಸಿಗೆಯ ಬಿಸಿಲಿಗೆ ಚಾವಣಿ ಕಾಯುತ್ತದೆ, ಮಿಶಿಗನ್ ಚಳಿಗೆ ಸೆಟೆಯುತ್ತದೆ. ಇಷ್ಟು ವರ್ಷ ಹಿಗ್ಗಿ ಕುಗ್ಗಿದ ಬೆಸುಗೆ ಕೊನೆಗೆ ಬಿರುಕು ಬಿಡುತ್ತದೆ. ಚಿಕ್ಕಪ್ಪ ಓದುವ ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು ನೋಡಿದರು. ಎರಡು ಕಾಲುಗಳ ಸುತ್ತ ಕೂದಲೆಳೆಯ ಉಂಗುರದಂಥ ಗೀರು ಸಿಕ್ಕಿತು.

"ಇಲ್ಲಿ ನೋಡು. ತವರ ಹಿಡಿದಿದೆ ಅಂತ ಕಾಣತ್ತೆ, ಹಿಡಿದಿಲ್ಲ. ಹಳೇದನ್ನ ಪೂರ್ತಿ ಹೀರಿ ತೆಗೆದು ಹೊಸದಾಗಿ ಹಾಕು. ಮೇಲೆ ಮೇಲೆ ಸವರಬೇಡ."

ಇಪ್ಪತ್ತೇ ನಿಮಿಷದ ಕೆಲಸ. ಹೀಗಿದ್ದರೂ ಇದನ್ನು ಮಾಡದೆ ಪೆಟ್ಟಿಗೆ ಕೂರಿಸಿ, ತಿಂಗಳು ಕಳೆಯುವುದರೊಳಗೆ ಮತ್ತೆ ಚಾವಣಿ ಬಿಚ್ಚುವವರೇ ಹೆಚ್ಚು. ಕೆಲಸದ ಮೇಜಿನ ಮೇಲಿರುವಾಗ ಮಾಡುವ ಇಪ್ಪತ್ತು ನಿಮಿಷಕ್ಕೂ ತಲೆಯ ಮೇಲೆ ಕೈಯೆತ್ತಿಕೊಂಡು ಮಾಡುವ ಎರಡು ಗಂಟೆಗೂ ಇರುವ ಅಂತರ ಡಿಪೋದಲ್ಲಿ ದುಡಿದವರಿಗೆ ಗೊತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ ಎರಡು ನಿಮಿಷ ಕಾದರು. ಏರ್‌ಬ್ಯಾಗಿನ ಘಟಕದಲ್ಲಿ ಉಳಿದ ವಿದ್ಯುತ್ತು ಇಳಿಯಲು ಅಷ್ಟು ಸಮಯ ಬೇಕು. ಹಳದಿ ಬಣ್ಣದ ಕನೆಕ್ಟರ್ ಕಂಡಲ್ಲಿ ಕೈ ಹಾಕಬಾರದು. ಈ ಕಾಲದ ರ್ಯಾಮ್‌ನಲ್ಲಿ ಏರ್‌ಬ್ಯಾಗ್ ಇರುವುದು ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡಿನಲ್ಲಿ. ಚಾವಣಿಯ ಅಂಚಿನಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇದರಲ್ಲಿಲ್ಲ. ಹಾಗಾಗಿ ಗಾಜಿನ ಪಕ್ಕದ ಕಂಬದ ಹೊದಿಕೆ ಬಿಚ್ಚಿ ಅದರೊಳಗೆ ತಂತಿ ಏರಿಸುವುದು ಇಲ್ಲಿ ನಿರಪಾಯ. ಆ ಪರದೆ ಇರುವ ಹೊಸ ಗಾಡಿಯಲ್ಲಿ ಅದೇ ಕಂಬದೊಳಗೆ ತಂತಿಯನ್ನು ಅಡ್ಡ ಹಾಯಿಸುವುದು ಜೀವಕ್ಕೆ ಸಂಬಂಧಪಟ್ಟ ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಚಾವಣಿಯ ಒಳಹೊದಿಕೆಯನ್ನು ಕತ್ತರಿಸುವಾಗ ಇಬ್ಬರೂ ಮಾತಾಡಲಿಲ್ಲ. ಈ ಕೆಲಸದಲ್ಲಿ ಹಿಂದಕ್ಕೆ ಬರಲಾಗದ ಹೆಜ್ಜೆ ಅದೊಂದೇ. ಮಗ ರಟ್ಟಿನ ಅಚ್ಚು ಮಾಡಿಕೊಂಡು, ಬೇಕಾದ್ದಕ್ಕಿಂತ ಬೆರಳಗಲ ಕಡಿಮೆ ಗೆರೆ ಎಳೆದು, ಹೊಸ ಬ್ಲೇಡಿನಿಂದ ಕೊಯ್ದ. ಪೆಟ್ಟಿಗೆಯ ಅಂಚು ಕೊಯ್ದ ಗಾಯವನ್ನು ಮುಚ್ಚಿಕೊಂಡಿತು.

ಏಳೆಂಟು ತಂತಿಗಳ ಜೋಡಣೆ ಉಳಿಯಿತು: ಸದಾ ಕರೆಂಟ್ ಇರುವುದೊಂದು, ಕೀ ತಿರುಗಿಸಿದಾಗ ಬರುವುದೊಂದು, ಅರ್ಥಿಂಗ್, ಓದುವ ದೀಪದ್ದು, ಸೆನ್ಸರಿನ ಎರಡು, ಸಿಸಿಡಿಯ ಎರಡು. ಚಿಕ್ಕಪ್ಪ ರೂಢಿಯಂತೆ ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದರು. ಮೊನೆಯನ್ನು ತಂತಿಗೆ ಚುಚ್ಚಿದರೆ ಬಲ್ಬು ಉರಿಯುವ ಆ ಸಾಧನವನ್ನು ಊರಿನಿಂದಲೇ ತಂದಿದ್ದರು.

"ಬೇಡ ಚಿಕ್ಕಪ್ಪ! ಸಿಸಿಡಿ ತಂತಿಗೆ ಅದು ಬೇಡ."

"ಯಾಕೋ?"

"ಅದರಲ್ಲಿ ಎರಡೂವರೆ ವೋಲ್ಟಿನ ಸುತ್ತಮುತ್ತ ಇರತ್ತೆ, ಅಷ್ಟೆ. ಬಲ್ಬ್ ಹಾಕಿದ್ರೆ ಅದನ್ನೂ ಎಳೆದುಬಿಡತ್ತೆ, ಎಲ್ಲರ ಮಾತೂ ನಿಂತೋಗತ್ತೆ. ಮಲ್ಟಿಮೀಟರಲ್ಲಿ ನೋಡಿ."

ಚಿಕ್ಕಪ್ಪ ಬಲ್ಬನ್ನು ಜೇಬಿಗಿಳಿಸಿದರು. 24 ವೋಲ್ಟಿನ ಬಸ್ಸುಗಳಲ್ಲಿ ಒಂದು ಆಯುಷ್ಯ ಕೆಲಸ ಮಾಡಿದ ಕೈ ಎರಡೂವರೆ ವೋಲ್ಟಿನ ತಂತಿಯನ್ನು ಹೂವಿನ ದಳ ಮುಟ್ಟಿದಂತೆ ಮುಟ್ಟಿತು. ಸ್ಟೀರಿಂಗಿನ ಕೆಳಗಿನ ಪರೀಕ್ಷಾ ಸಾಕೆಟ್ಟಿನಲ್ಲಿ 3ನೆಯ ಪಿನ್ನಿಗೆ ನೇರಳೆ-ಕಂದು, 11ನೆಯ ಪಿನ್ನಿಗೆ ಬಿಳಿ-ಕಪ್ಪು. ಇವೆರಡೂ ಒಂದನ್ನೊಂದು ಹೆಣೆದುಕೊಂಡೇ ಸಾಗುತ್ತವೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ವಜಾ ಆಗಲಿ ಎಂದೇ ಆ ಹೆಣಿಗೆ. ಹೊಸದಾಗಿ ಮೇಲಕ್ಕೆ ಒಯ್ಯುವ ಜೋಡಿಯನ್ನೂ ಹಾಗೆಯೇ ಹುರಿ ಮಾಡಿ, ಒತ್ತಿ ಹಿಡಿಯುವ ಅಗ್ಗದ ಕ್ಲಿಪ್ ಬಳಸದೆ, ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿದರು. ಈ ಎರಡು ತಂತಿ ಒಂದಕ್ಕೊಂದು ತಾಗಿದರೆ ಮೀಟರಿನ ಮುಳ್ಳುಗಳು ಮಲಗುತ್ತವೆ, ಓಡೋಮೀಟರ್ ಇರುವ ಜಾಗದಲ್ಲಿ 'ನೋ ಬಸ್' ಎಂಬ ಅಕ್ಷರ ಮೂಡುತ್ತದೆ. ಅದನ್ನು ಕೇಳಿ ಚಿಕ್ಕಪ್ಪ, ಡಿಪೋದಲ್ಲಿ ಆ ಮಾತು ಕೇಳದ ದಿನವೇ ಇರಲಿಲ್ಲ ಎಂದು ನೆನೆದರು.

ಕೀ ತಿರುಗಿತು. ಪೆಟ್ಟಿಗೆಯಲ್ಲಿ ಹಸಿರು ಬೆರೆತ ನೀಲಿಯ ಅಕ್ಷರಗಳು ನಿಧಾನವಾಗಿ ತುಂಬಿಕೊಂಡವು. ಯಾವ ಕೋಡಿಂಗೂ ಬೇಕಾಗಲಿಲ್ಲ, ಯಾವ ಡೀಲರನ ಬಾಗಿಲೂ ತಟ್ಟಬೇಕಾಗಲಿಲ್ಲ. ಕಿವಿ ಬಂತು, ಕೇಳಿಸಿತು.

ಆದರೆ ಉಷ್ಣಾಂಶದ ಜಾಗದಲ್ಲಿ ಮೈನಸ್ 40 ಎಂದಿತ್ತು. ಆಗಸ್ಟ್ ತಿಂಗಳಲ್ಲಿ!

"ಇದು ಫ್ಯಾರನ್‌ಹೀಟ್ ಇರಬೇಕು. ನಮ್ಮ ಲೆಕ್ಕಕ್ಕೆ ಹಾಕು," ಅಂದರು ಚಿಕ್ಕಪ್ಪ. ಮಗ ಗುಂಡಿ ಒತ್ತಿದ. ಸೆಲ್ಸಿಯಸ್‌ನಲ್ಲೂ ಮೈನಸ್ 40. ಎರಡು ಮಾಪಕಗಳೂ ಒಂದೇ ಅಂಕಿ ಹೇಳುವ ಬಿಂದು ಅದೊಂದೇ.

"ಈ ಸೆನ್ಸರ್ ಬಿಸಿಯಾದ್ರೆ ರೆಸಿಸ್ಟೆನ್ಸ್ ಕಡಿಮೆ ಆಗೋದಾ, ಜಾಸ್ತಿ ಆಗೋದಾ?"

"ಕಡಿಮೆ ಆಗೋದು, ಚಿಕ್ಕಪ್ಪ. 25 ಡಿಗ್ರಿಗೆ ಸುಮಾರು 10 ಕಿಲೋ ಓಮ್."

"ಹಾಗಾದ್ರೆ ವಿಪರೀತ ಚಳಿ ಅಂತಿದೆ ಅಂದ್ರೆ ರೆಸಿಸ್ಟೆನ್ಸ್ ವಿಪರೀತ ಜಾಸ್ತಿ ಕಾಣ್ತಿದೆ ಅಂತ. ಎಲ್ಲೋ ತಂತಿ ಬಿಟ್ಟಿದೆ. ಶಾರ್ಟ್ ಆಗಿದ್ರೆ ಬೆಂಕಿಯಂಥ ಬಿಸಿಲು ಅಂತ ತೋರಿಸ್ತಿತ್ತು."

ಈ ಪೆಟ್ಟಿಗೆಯನ್ನು ಜೀವಮಾನದಲ್ಲಿ ಮೊದಲ ಸಲ ಕಂಡ ಮನುಷ್ಯ ಅರ್ಧ ನಿಮಿಷದಲ್ಲಿ ಅದರ ಕಾಯಿಲೆ ಹೇಳಿದರು. ಬಾನೆಟ್ ತೆರೆದರೆ, ಗ್ರಿಲ್ ಹಿಂದೆ ಮಗ ಸಿಗಿಸಿದ್ದ ಕನೆಕ್ಟರ್ ಪೂರ್ತಿ ಒಳಗೆ ಕೂತಿರಲಿಲ್ಲ. ಸೆನ್ಸರನ್ನು ಅಳೆದರೆ ಮೀಟರಿನಲ್ಲಿ ಎಂಟು ಕಿಲೋ ಓಮ್. ಕನೆಕ್ಟರ್ 'ಟಕ್' ಎಂದು ಕೂತ ಮೇಲೆ ಪೆಟ್ಟಿಗೆ 30 ಡಿಗ್ರಿ ತೋರಿಸಿತು.

ದಿಕ್ಸೂಚಿಯ ಕೆಲಸ ಮಧ್ಯಾಹ್ನ. ಟ್ರಕ್ಕಿನ ತಗಡಿಗೂ ಸ್ವಲ್ಪ ಅಯಸ್ಕಾಂತದ ಗುಣ ಇರುತ್ತದೆ, ಅದನ್ನು ಕಳೆದು ಭೂಮಿಯ ಕ್ಷೇತ್ರವನ್ನಷ್ಟೇ ಗುರುತಿಸುವುದನ್ನು ಪೆಟ್ಟಿಗೆಗೆ ಕಲಿಸಬೇಕು. ವಿದ್ಯುತ್ ಕಂಬಗಳಿಲ್ಲದ ಖಾಲಿ ಮೈದಾನದಲ್ಲಿ, ಗಂಟೆಗೆ 8 ಕಿಲೋಮೀಟರಿಗಿಂತ ನಿಧಾನವಾಗಿ, ಮೂರು ಸುತ್ತು ತಿರುಗಬೇಕು.

"ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗಾಯ್ತು," ಎಂದರು ಚಿಕ್ಕಪ್ಪ, ಸೀಟಿನಲ್ಲಿ ನೆಟ್ಟಗೆ ಕೂತು. ಆಮೇಲೆ ವಲಯದ ಸಂಖ್ಯೆ. ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಅಮೆರಿಕದಲ್ಲಿ ದೊಡ್ಡ ಅಂತರವಿದೆ. ಪೂರ್ವದ ಮೇನ್ ರಾಜ್ಯದಲ್ಲಿ ಸೂಜಿ ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ವಾಲಿದರೆ, ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಹೆಚ್ಚುಕಡಿಮೆ ಅಷ್ಟೇ ಪೂರ್ವಕ್ಕೆ. ಅದಕ್ಕೇ ಪೆಟ್ಟಿಗೆಯಲ್ಲಿ 1ರಿಂದ 15ರವರೆಗೆ ವಲಯಗಳಿವೆ, ತಾನಾಗಿ ಇರುವುದು 8. ಇದೇ ಪೆಟ್ಟಿಗೆ ಮಂಡ್ಯಕ್ಕೆ ಹೋದರೆ ಆ ತಿದ್ದುಪಡಿಯ ಗೋಜೇ ಇಲ್ಲ, ದಕ್ಷಿಣ ಕರ್ನಾಟಕದಲ್ಲಿ ಈ ಅಂತರ ಎರಡು ಡಿಗ್ರಿಯನ್ನೂ ದಾಟುವುದಿಲ್ಲ.

ಅಳತೆಯ ಪರೀಕ್ಷೆ ಮರುದಿನ ನಡೆಯಿತು. ವಾರನ್‌ನಲ್ಲಿ ಟ್ಯಾಂಕ್ ತುಂಬಿಸಿ, ರೀಸೆಟ್ ಒತ್ತಿ, ಐ-75 ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರು. ಎರಡು ಮಹಾಸರೋವರಗಳು ಕೂಡುವ ಮ್ಯಾಕಿನಾ ಸಿಟಿಯವರೆಗೆ ಪಯಣ. ಮೊದಲು ದೂರದ ಲೆಕ್ಕ ಸರಿಯಿದೆಯೇ ನೋಡಬೇಕೆಂದು ಚಿಕ್ಕಪ್ಪ ರಸ್ತೆಬದಿಯ ಮೈಲಿಗುರುತುಗಳನ್ನು ಹಿಡಿದರು. 100ರಿಂದ 150ರ ಗುರುತಿಗೆ ಪೆಟ್ಟಿಗೆ ತೋರಿಸಿದ್ದು 50.2 ಮೈಲಿ.

"ದೂರದಲ್ಲಿ ಮೋಸ ಇಲ್ಲ. ಟೈರ್ ಸೈಜ್ ಬದಲಾಯಿಸಿಲ್ಲ ತಾನೆ ನೀನು?"

"ಇಲ್ಲ."

ದಾರಿಯುದ್ದಕ್ಕೂ ಅವರು ಆ ಕ್ಷಣದ ಮೈಲೇಜ್ ತೋರಿಸುವ ಅಂಕಿಯಿಂದ ಕಣ್ಣು ಕೀಳಲಿಲ್ಲ. ಏರಿನಲ್ಲಿ 9ಕ್ಕೆ ಇಳಿಯುವುದು, ಇಳಿಜಾರಿನಲ್ಲಿ ಕಾಲು ತೆಗೆದರೆ ಜಿಗಿಯುವುದು. "ಇದು ಡ್ರೈವರ್ ಕಾಲಿನ ಕನ್ನಡಿ ಕಣೋ," ಎಂದರು. "ನಮ್ಮ ಡ್ರೈವರುಗಳಿಗೆ ಕೆಎಂಪಿಎಲ್ ಗೊತ್ತಾಗ್ತಿದ್ದಿದ್ದು ಡ್ಯೂಟಿ ಮುಗಿದ ಮೇಲೆ. ಯಾವ ಏರಲ್ಲಿ, ಯಾವ ಗೇರಲ್ಲಿ ಕಳ್ಕೊಂಡ್ರು ಅಂತ ಯಾರು ಹೇಳೋರು?"

ಮ್ಯಾಕಿನಾ ಸಿಟಿಯ ಬಂಕಿನಲ್ಲಿ ಗಾಳಿ ತಣ್ಣಗಿತ್ತು. ಪೆಟ್ಟಿಗೆ 20 ಡಿಗ್ರಿ ಅನ್ನುತ್ತಿತ್ತು. ಓಡಿದ್ದು 276 ಮೈಲಿ. ಪೆಟ್ಟಿಗೆಯ ಸರಾಸರಿ ಗ್ಯಾಲನ್ನಿಗೆ 15.8. ಪಂಪಿನಲ್ಲಿ ತುಂಬಿದ್ದು 18.4 ಗ್ಯಾಲನ್. ಚಿಕ್ಕಪ್ಪ ಜೇಬಿನ ಪುಟ್ಟ ಪುಸ್ತಕದಲ್ಲಿ ಭಾಗಿಸಿದರು: ಸರಿಯಾಗಿ 15. ಪಕ್ಕದಲ್ಲೇ ತಮ್ಮ ಲೆಕ್ಕಕ್ಕೆ ಇಳಿಸಿದರು: ಲೀಟರಿಗೆ 6.38 ಕಿಲೋಮೀಟರ್.

"ನೂರಕ್ಕೆ ಐದರಷ್ಟು ಜಾಸ್ತಿ ಹೇಳ್ತಿದೆ."

"ನನ್ನ ವೈರಿಂಗ್ ತಪ್ಪಿರಬಹುದಾ?"

"ವೈರಿಂಗ್ ತಪ್ಪಿದ್ರೆ ಸುದ್ದಿನೇ ಬರ್ತಿರಲಿಲ್ಲ. ದೂರ ಎರಡಕ್ಕೂ ಒಂದೇ, ಅದನ್ನ ಮೈಲಿಗುರುತಲ್ಲಿ ನೋಡಿದ್ದೀವಿ. ವ್ಯತ್ಯಾಸ ಇರೋದು ಪೆಟ್ರೋಲಿನ ಲೆಕ್ಕದಲ್ಲಿ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ಕಂಪ್ಯೂಟರಿಗೆ ಗೊತ್ತು. ಹಳೇ ಇಂಜೆಕ್ಟರು ಆ ಹೊತ್ತಲ್ಲಿ ಹೊಸದಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಇಲ್ಲಾ ಇಲ್ಲಿಯ ಪಂಪು ಅಲ್ಲಿಗಿಂತ ತಡವಾಗಿ ನಿಂತು ಒಂದರ್ಧ ಗ್ಯಾಲನ್ ಜಾಸ್ತಿ ಹಿಡಿಸಿರಬಹುದು. ಒಂದು ಟ್ಯಾಂಕಿನ ಲೆಕ್ಕಕ್ಕೆ ತೀರ್ಪು ಕೊಡಬಾರದು. ಮೂರು ಆಗಲಿ."

ಎದುರಿಗೆ 1957ರಲ್ಲಿ ತೆರೆದ, ಎಂಟು ಕಿಲೋಮೀಟರ್ ಉದ್ದದ ಮ್ಯಾಕಿನಾ ಸೇತುವೆ ನೀರಿನ ಮೇಲೆ ಚಾಚಿಕೊಂಡಿತ್ತು. ಮಗ ಅದರ ಫೋಟೊ ತೆಗೆಯುತ್ತಿದ್ದ. ಚಿಕ್ಕಪ್ಪ ಪುಸ್ತಕದ ಹೊಸ ಪುಟದಲ್ಲಿ ಉದ್ದುದ್ದ ಗೆರೆ ಎಳೆದು ನಾಲ್ಕು ಮನೆ ಮಾಡಿದರು: ತಾರೀಕು, ಮೈಲಿ, ಗ್ಯಾಲನ್, ಪೆಟ್ಟಿಗೆ ಹೇಳಿದ್ದು.

"ಬಾ, ರೀಸೆಟ್ ಒತ್ತು," ಎಂದು ಕರೆದರು. "ವಾಪಸ್ ಹೋಗೋ ದಾರಿದು ಬೇರೆ ಬರೆಯೋಣ. ಈ ಸಲ 65 ದಾಟಬೇಡ."